ಅತ್ತೆ ಆರಿಸಿದ ತುತ್ತೂರಿ ಹೂ

ಬೆಳಿಗ್ಗೆ ಕನ್ನಡಿ ಮುಂದೆ ನಿಂತ ಸೊಸೆ ಕಿರುಚಿಕೊಂಡಳು. ಎಡಗಣ್ಣಿನ ಪಾಪೆ ಬಲಗಣ್ಣಿನದರ ಎರಡರಷ್ಟಾಗಿತ್ತು. ಬೆಳಕು ನೋಡಿದರೆ ಕಣ್ಣು ಕುಕ್ಕುತ್ತಿತ್ತು.

ಬಟ್ಟೆ ಹೊಲಿಯುತ್ತಿದ್ದ ಅತ್ತೆ ಮಷೀನು ಬಿಟ್ಟು ಓಡಿ ಬಂದರು. "ಅಯ್ಯೋ, ಲಕ್ವಾನೇ ಇರ್ಬೇಕು ಕಣೇ!"

ಡ್ಯೂಟಿಗೆ ಹೊರಟಿದ್ದ ಪಕ್ಕದ ಮನೆ ನರ್ಸಮ್ಮ ಒಳಗೆ ಬಂದಳು. "ನಿನ್ನೆ ಏನ್ ಕೆಲಸ ಮಾಡ್ತಿದ್ದೆ?"

"ಏಂಜೆಲ್ ಟ್ರಂಪೆಟ್, ಅದೇ ತುತ್ತೂರಿ ಹೂವಿನ ಸಸಿ ಎಲೆ ಚಿವುಟ್ತಿದ್ದೆ ಅಕ್ಕಾ. ಬೆವರು ಬಂತು, ಕಣ್ಣು ಒರಸ್ಕೊಂಡೆ."

"ಅದು ಉಮ್ಮತ್ತಿ ನೆಂಟ, ಬೇರಿಂದ ಬೀಜದವರೆಗೂ ವಿಷ! ಮೊದಲು ಕಣ್ಣಿಗೆ ನೀರು ಹಾಕಿ ಚೆನ್ನಾಗಿ ತೊಳಿ. ಆಮೇಲೆ ಆಸ್ಪತ್ರೆಗೆ ನಡಿ. ಡಾಕ್ಟ್ರಿಗೆ ಗಿಡದ ವಿಷಯ ಮರೀದೆ ಹೇಳು."

ಡಾಕ್ಟರು ಪರೀಕ್ಷೆ ಮಾಡಿ, ಗಿಡದ ರಸದಿಂದಲೇ ಹೀಗಾಗಿದೆ ಎಂದರು. ಮೂರು ದಿನಕ್ಕೆ ಕಣ್ಣು ಸರಿಹೋಯಿತು. ಅತ್ತೆಯ ಸಿಟ್ಟು ಮಾತ್ರ ಇಳಿಯಲಿಲ್ಲ.

ಹಿತ್ತಲಲ್ಲಿ ನಲವತ್ತು ಸಸಿಗಳಿದ್ದವು. ಬಿಳಿ ಹೂವಿನ ಪರಾಗವನ್ನು ಗುಲಾಬಿ ಬಣ್ಣದ ಹೂವಿಗೆ ಮುಟ್ಟಿಸಿ, ಆ ಬೀಜ ಬಿತ್ತಿ ಸೊಸೆ ಎರಡು ವರ್ಷ ಸಾಕಿದ ಹೈಬ್ರಿಡ್ ಸಸಿಗಳು. ಈಗಷ್ಟೇ ಮೊದಲ ಮೊಗ್ಗು ಇಣುಕಿತ್ತು. ಅತ್ತೆ ತೋಳೇರಿಸಿ ನಿಂತರು.

"ಎಲ್ಲಾ ಕಿತ್ತು ಗೋಡೆ ಆಚೆ ಎಸೀತೀನಿ!"

ಸೊಸೆಗೆ ಅಳುವೇ ಬಂತು.

ಗೋಡೆಯ ಆಚೆಯಿಂದ ನರ್ಸಮ್ಮ ಕೂಗಿದಳು. "ದೊಡ್ಡಮ್ಮಾ, ಕೈ ತೆಗೀರಿ! ಬರಿಗೈಲಿ ಕಿತ್ರೆ ನಾಳೆ ನಿಮ್ಮ ಕಣ್ಣಿನ ಸರದಿ. ಈ ಕಡೆ ಎಸೆದ್ರೆ ನನ್ನ ಮೇಕೆ ಗತಿ ಏನು?"

"ಮತ್ತೇನು, ತಲೆ ಮೇಲೆ ಹೊತ್ಕೊಂಡು ಕುಣೀಲಾ?"

"ನಿಮ್ಮ ಕತ್ತರಿ ಎಷ್ಟು ಸಲ ಬೆರಳು ಕೊಯ್ದಿಲ್ಲ? ಅದನ್ನ ಎಸೆದ್ರಾ? ಜೋಪಾನವಾಗಿ ಎತ್ತಿಡ್ತೀರಿ ತಾನೇ?"

ಹೊಲಿಗೆಯವರಿಗೆ ಆ ಮಾತು ನಾಟಿತು. ಮರುದಿನ ಹಿತ್ತಲಿಗೆ ಬೇಲಿ ಬಂತು, ಬಾಗಿಲಿಗೆ ಬೀಗ ಬಂತು. ಸೊಸೆಯ ಕೈಗೆ ರಬ್ಬರ್ ಗವಸು ಬಂತು. ಅತ್ತೆ ಚೂರುಬಟ್ಟೆಯ ಮೇಲೆ ದಾರದಲ್ಲಿ ನಂಬರು ಹೊಲಿದು ಸಸಿಗೊಂದರಂತೆ ಕಟ್ಟಿಸಿದರು.

ಹೂ ಬಿಡುವ ತನಕ ಸೊಸೆ ಯಾವ ಸಸಿಯನ್ನೂ ಕೀಳಲಿಲ್ಲ. ಒಂದೇ ಕಾಯಿಯ ಬೀಜವಾದರೂ ಒಂದರ ಹೂವಿನಂತೆ ಇನ್ನೊಂದಿರಲಿಲ್ಲ. ಬಣ್ಣ ನೋಡಿ ನೋಡಿ ಪಳಗಿದ ಅತ್ತೆಯ ಕಣ್ಣು ಸುಮ್ಮನಿದ್ದೀತೇ?

"ಇದು ಒಗೆದು ಒಗೆದು ಮಾಸಿದ ಬಟ್ಟೆ ಬಣ್ಣ, ಬೇಡ. ಹದಿನೇಳನೇದು ನೋಡೇ, ಅಂಚು ಎಷ್ಟು ಚೆನ್ನಾಗಿ ಮಡಚಿದೆ!"

ಎರಡನೇ ಸಲ ಹೂ ಬಿಟ್ಟಾಗಲೂ ಚೆನ್ನಾಗಿದ್ದ ನಾಲ್ಕನ್ನು ಉಳಿಸಿಕೊಂಡರು. ಬೇಡವಾದವನ್ನು ಗವಸು ಹಾಕಿಕೊಂಡೇ ಕಿತ್ತು ಆಳದ ಗುಂಡಿಯಲ್ಲಿ ಹೂತರು. ಸುಡಲಿಲ್ಲ, ಅದರ ಹೊಗೆಯೂ ಒಳ್ಳೆಯದಲ್ಲ.

ಹದಿನೇಳನೆಯದರ ಕಡ್ಡಿ ನೆಟ್ಟು ಬೇರು ಬರಿಸಿ ಮಾರಾಟಕ್ಕಿಟ್ಟ ಮೇಲೆ ಮೊದಲ ಗಿರಾಕಿ ಬಂದ. ಸೊಸೆ ಕುಂಡ ಎತ್ತಿ ಕೊಡುವಷ್ಟರಲ್ಲಿ ಅತ್ತೆ ಅಡ್ಡ ಬಂದರು.

"ಮನೇಲಿ ಚಿಕ್ಕ ಮಕ್ಕಳಿದ್ದಾರೇನಪ್ಪಾ?"

"ಅಂಬೆಗಾಲಿಡೋ ಮಗಳಿದ್ದಾಳಮ್ಮ."

"ಹಾಗಾದ್ರೆ ಈಗ ಬೇಡ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸು. ಅವಳು ಮಾತು ಕೇಳೋಷ್ಟು ದೊಡ್ಡವಳಾಗ್ಲಿ, ನಿನ್ನ ಗಿಡ ನಾನೇ ಕಾಯ್ತೀನಿ."

ಸೊಸೆ ಅತ್ತೆಯ ಮುಖ ನೋಡಿ ನಕ್ಕಳು. ಅವಳಿಗೆ ತುಂಬಾ ಹೆಮ್ಮೆಯಾಯಿತು.

ಮನೆಯಲ್ಲಿ ಸಸಿ ಬೆಳೆಸುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಹೊಸ ಹೂ ಹುಟ್ಟಿಸಿ, ಹೆದರಬೇಡಿ. ಗವಸು ಹಾಕಿ, ಸೋಪಿನಿಂದ ಕೈ ತೊಳೆಯಿರಿ, ತೊಳೆಯದ ಕೈ ಕಣ್ಣಿಗೆ ಬಾಯಿಗೆ ಹೋಗದಿರಲಿ. ಗಿಡ ಕೇಳಿ ಬಂದವರಿಗೆ ಹೂವಿನ ಚೆಂದ ಆಮೇಲೆ ಹೇಳಿ, ವಿಷದ ಮಾತು ಮೊದಲು ಹೇಳಿ.