ಮೂರು, ರೈಟ್

ಕೋಲಾರ ಜಿಲ್ಲೆಯಲ್ಲಿ ನೀರೇ ಇಲ್ಲದೆ ದೋಣಿ ನಡೆಸಿದ ಗಂಡು ಯಾರು ಅಂತ ಕೇಳಿ ನೋಡಿ. ಯಾರೂ ಕೈ ಎತ್ತುವುದಿಲ್ಲ. ಎತ್ತಬೇಕಾದ ಕೈ ಈಗ ನಿಮಗೆ ಈ ಕಥೆ ಬರೆಯುತ್ತಿದೆ. ಹೆಸರು ಚೈತನ್ಯ, ವಯಸ್ಸು ಇಪ್ಪತ್ತೆರಡು. ಕೆಲಸ ಕೋಲಾರ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಹೆಸರು ಮಾಡಿದ್ದು ಗಣೇಶನ ಪೆಂಡಾಲುಗಳ ಮಿಮಿಕ್ರಿಯಲ್ಲಿ. ಎಂಟು ತಿಂಗಳು ನಮ್ಮ ಕೆರೆಯಲ್ಲಿ ಒಂದು ಚೊಂಬು ನೀರಿರಲಿಲ್ಲ. ಆ ಎಂಟು ತಿಂಗಳೂ ನಮ್ಮ ದೋಣಿ ಕ್ಲಬ್ಬಿನ ಒಬ್ಬರೂ ಕಳಚಿಕೊಳ್ಳದ ಹಾಗೆ ಹಿಡಿದಿಟ್ಟವನು ನಾನು. ಹಗ್ಗ ಹಾಕಿ ಅಲ್ಲ, ಗಂಟಲು ಹಾಕಿ. ನಂಬದಿದ್ದರೆ ಪರವಾಗಿಲ್ಲ. ಹೀರೋ ಎಂಟ್ರಿಗೆ ಮುಂಚೆ ಥಿಯೇಟರಿನಲ್ಲಿ ಎಲ್ಲರೂ ಹೀಗೇ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಾರೆ.

ಕ್ಲಬ್ ಅಂದ ತಕ್ಷಣ ಬಿಳಿ ಬೂಟು, ಬಿಳಿ ಟೋಪಿ ಅಂತೆಲ್ಲ ಊಹಿಸಿಕೊಳ್ಳಬೇಡಿ. ಮುಳಬಾಗಿಲಿನಲ್ಲಿ ನೀರಿನ ಟ್ಯಾಂಕಿಗೆ ಫೈಬರ್ ಹಾಕುವವನೊಬ್ಬನ ಕೈಯಲ್ಲಿ ಮಾಡಿಸಿದ ಉದ್ದನೆಯ ದೋಣಿ ಒಂದು. ಅದರಲ್ಲಿ ನಾಲ್ಕು ಸೀಟು, ನಾಲ್ಕು ಹುಟ್ಟು. ಹೋಳೂರಿನಿಂದಾಚೆ ಇರುವ ನಮ್ಮ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದಾಗ ಇದನ್ನು ಮಾಡಿಸಿದವರು ಕೋದಂಡರಾಮಪ್ಪ. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದ ಮುಳಬಾಗಿಲಿನ ಡ್ರೈವರ್. ರಸ್ತೆ ಸಾಕಾಯಿತು, ಇನ್ನು ಸ್ವಲ್ಪ ದಿನ ಗುಂಡಿ ಇಲ್ಲದ ಕಡೆ ಓಡಿಸುತ್ತೇನೆ ಅಂದವರು.

ದೋಣಿಯ ಮುಂತುದಿಯ ಒಂದನೇ ಸೀಟು ಬೈರಮ್ಮಕ್ಕನದು. ಆಕೆ ಕೆರೆ ಇರುವ ಊರಿನವರೇ, ರೇಷ್ಮೆ ಹುಳ ಸಾಕುತ್ತಾರೆ. ಎರಡನೆಯದು ಧನಶ್ರೀಯದು, ಶ್ರೀನಿವಾಸಪುರದ ಮೆಡಿಕಲ್ ಸ್ಟೋರಿನಲ್ಲಿ ಕೆಲಸ, ನನ್ನ ವಯಸ್ಸಿನವಳು. ಮೂರನೆಯದು ಕದಿರೇಶಣ್ಣನದು, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಟ್ರಾಕ್ಟರ್ ಓಡಿಸುತ್ತಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾಲ್ಕನೆಯದು ಕೋದಂಡರಾಮಪ್ಪನವರದು. ನಾನು ಅವರ ಎದುರಿಗೆ ದೋಣಿಯ ಬಾಲದಲ್ಲಿ, ಚುಕ್ಕಾಣಿ ಹಿಡಿದು ಎಣಿಸುವವನು.

ನಿಮಗೆ ಒಂದು ವಿಷಯ ಗೊತ್ತಿರಬೇಕು. ಈ ಥರದ ದೋಣಿಯಲ್ಲಿ ಹುಟ್ಟು ಹಾಕುವ ನಾಲ್ವರೂ ಹೋಗುವ ದಿಕ್ಕಿಗೆ ಬೆನ್ನು ತಿರುಗಿಸಿ ಕೂರುತ್ತಾರೆ. ಅವರಿಗೆ ಕಾಣುವುದು ಬಿಟ್ಟುಬಂದ ದಡ ಮತ್ತು ನನ್ನ ಮೂತಿ. ಮುಂದೆ ಏನಿದೆ ಅಂತ ಕಾಣುವುದು ನನಗೊಬ್ಬನಿಗೇ. ಅದಕ್ಕೇ ಕೋದಂಡರಾಮಪ್ಪ ಒಂದು ರೂಲ್ಸ್ ಇಟ್ಟಿದ್ದರು. ಕಂಡಕ್ಟರ್ ರೈಟ್ ಅನ್ನದೆ ಬಸ್ ಹೊರಡುವುದಿಲ್ಲ. ಹಾಗೇ ಇಲ್ಲಿ ಒಂದನೇ ಸೀಟಿನಿಂದ ಶುರುವಾಗಿ ಒಬ್ಬೊಬ್ಬರೂ ನಂಬರ್ ಹೇಳಿ ರೈಟ್ ಅನ್ನಬೇಕು. ಒಂದು ನಂಬರ್ ತಪ್ಪಿದರೂ ದೋಣಿ ಅಲುಗುವ ಹಾಗಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ತೂಬಿನ ಕಲ್ಲು ಬಿರುಕು ಬಿಟ್ಟಿತು. ರಿಪೇರಿಗೆ ಅಂತ ಕೆರೆಯ ನೀರನ್ನೆಲ್ಲ ಕೆಳಗಿನ ಗದ್ದೆಗಳಿಗೆ ಬಿಟ್ಟರು. ಹದಿನೈದು ದಿನದಲ್ಲಿ ಕೆರೆಯಂಗಳದಲ್ಲಿ ಮೇಕೆ ಮೇಯುತ್ತಿದ್ದವು. ಆಮೇಲೆ ಬಿದ್ದ ಮಳೆಯೂ ತೆರೆದ ತೂಬಿನಲ್ಲಿ ಹರಿದುಹೋಯಿತು. ದೋಣಿಯನ್ನು ಏರಿ ಮೇಲಿನ ಹಳೇ ಪಂಪ್‌ಹೌಸಿನಲ್ಲಿ ಕವುಚಿ ಹಾಕಿದೆವು. ಊರಿನವರು ಇನ್ನು ಆ ದೋಣಿಯಲ್ಲಿ ಹುಳಕ್ಕೆ ಸೊಪ್ಪು ಹಾಕಬಹುದು ಅಂತ ಬೈರಮ್ಮಕ್ಕನನ್ನು ಛೇಡಿಸಿದರು.

ಕೋದಂಡರಾಮಪ್ಪ ಜಗ್ಗಲಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಕಾಲು ಗಂಟೆ ಇದ್ದಾಗ ಎಲ್ಲರೂ ಫೋನಿನಲ್ಲಿ ಸೇರಬೇಕು ಅಂತ ಅಪ್ಪಣೆ ಮಾಡಿದರು. ಫೋನು ನನ್ನ ಇಲಾಖೆ. ನಾಲ್ವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ಕಾನ್ಫರೆನ್ಸ್ ಕಾಲ್ ಕೂಡಿಸುತ್ತಿದ್ದೆ. ನಂಬರ್ ಹೇಳಿ ಮುಗಿದ ಮೇಲೆ ಹತ್ತು ನಿಮಿಷ ನನ್ನ ಎಣಿಕೆಗೆ ಅವರವರ ಜಾಗದಲ್ಲೇ ಎಳೆತ. ಬೈರಮ್ಮಕ್ಕ ಕೊಟ್ಟಿಗೆ ಕಂಬಕ್ಕೆ ಕಟ್ಟಿದ ಸೈಕಲ್ ಟ್ಯೂಬ್ ಎಳೆಯುವರು, ಧನಶ್ರೀ ಮಹಡಿ ಮೆಟ್ಟಿಲ ಕಂಬಿಗೆ ಹಳೇ ದುಪಟ್ಟಾ ಕಟ್ಟಿಕೊಂಡು ಎಳೆಯುವಳು. ನಾನು ಕಂಬಳಿಯೊಳಗೆ ಮಲಗಿಕೊಂಡೇ ದಂಡನಾಯಕನ ದನಿಯಲ್ಲಿ ಎಣಿಸುತ್ತಿದ್ದೆ.

ಮೂರನೇ ತಿಂಗಳು ಕದಿರೇಶಣ್ಣ ಒಂದು ದಿನ ಫೋನ್ ಎತ್ತಲಿಲ್ಲ. ಆಮೇಲೆ ಅವನೇ ಅಂಗಡಿಗೆ ಫೋನ್ ಮಾಡಿದ.

"ಏಮಿರಾ ಚೈತು, ಒಣಗಿದ ಕೆರೆಗೆ ಹುಟ್ಟು ಹಾಕೋನು ಅಂತ ಗೂಡಲ್ಲಿ ಎಲ್ಲಾ ನಗ್ತಾವ್ರೆ. ನಂಗೆ ಸಾಕಾಯ್ತು ಕಣೋ. ಅವ್ರಿಗೆಲ್ಲ ನೀನೇ ಹೇಳ್ಬಿಡು."

ಹೇಳುತ್ತೇನೆ ಅಂದೆ. ಮಾರನೇ ಬೆಳಗ್ಗೆ ಮೂವರಿಗೆ ಮಾತ್ರ ಫೋನ್ ಮಾಡಿದೆ. ಒಂದು ರೈಟ್ ಬಂತು, ಎರಡು ರೈಟ್ ಬಂತು. ಮೂರರ ಜಾಗದಲ್ಲಿ ನನ್ನ ಗಂಟಲು ತಾನೇ ಕೆಮ್ಮಿತು. ಕದಿರೇಶಣ್ಣ ಬೆಳಗ್ಗೆ ಕೆಮ್ಮುವ ಹಾಗೆ ಎರಡು ಗಿಡ್ಡ, ಒಂದು ಉದ್ದ. ಆಮೇಲೆ ಅವನ ದನಿಯಲ್ಲೇ "ಮೂರು, ರೈಟ್" ಅಂದಿತು. ಕೋದಂಡರಾಮಪ್ಪ ನಾಲ್ಕು ರೈಟ್ ಅಂದರು. ದೋಣಿ ಹೊರಟಿತು. ಫೋನಿನಲ್ಲೂ ಅವರಿಗೆ ಮುಂದೆ ಯಾರಿದ್ದಾರೆ ಅಂತ ಕಾಣುತ್ತಿರಲಿಲ್ಲ. ನೋಡುವವನು ನಾನೊಬ್ಬನೇ.

ಡಬಲ್ ಆಕ್ಟಿಂಗ್ ಅಂದರೆ ಇದು. ಒಂದು ವಾರದಲ್ಲಿ ನನ್ನ ಕದಿರೇಶ ಅಸಲಿಗಿಂತ ಚೆನ್ನಾಗಿ ಕುದುರಿಕೊಂಡ. ಹತ್ತು ಮಾತಿನ ಮನುಷ್ಯ ಡೈಲಾಗ್ ಹೊಡೆಯತೊಡಗಿದ. ಐದನೇ ತಿಂಗಳಲ್ಲಿ ಧನಶ್ರೀ ತನಗೆ ಬೆಳಗಿನ ಡ್ಯೂಟಿ ಹಾಕಿದ್ದಾರೆ, ನೀರು ಬಂದಾಗ ನೋಡೋಣ, ಅಲ್ಲೀತನಕ ಬಿಟ್ಟುಬಿಡೋಣ ಅಂದಳು. ನನ್ನ ಕದಿರೇಶ ಕೆಮ್ಮಿ ಹೇಳಿದ:

"ನೀರು ಹೋಯ್ತು ಅಂತ ಕೆರೆ ಎದ್ದು ಹೋಯ್ತೇನಮ್ಮ? ಇಲ್ಲೇ ಬಿದ್ದೈತೆ. ನಾವೂ ಇಲ್ಲೇ ಇರಾಣ."

ಧನಶ್ರೀ ಮಾರನೇ ದಿನದಿಂದ ಐದೂವರೆಗೇ ಎದ್ದು ನನ್ನ ಫೋನಿಗೆ ಕಾಯತೊಡಗಿದಳು. ಬೈರಮ್ಮಕ್ಕ ಆ ಮಾತನ್ನು ಊರಿನಲ್ಲಿ ನಗುವವರ ಮುಖಕ್ಕೆಲ್ಲ ಎಸೆದುಕೊಂಡು ತಿರುಗಾಡಿದರು.

ಎಂಟನೇ ತಿಂಗಳು ಪಂಚಾಯಿತಿ ಅಧ್ಯಕ್ಷೆ ಸುನಂದಮ್ಮ ಪಂಪ್‌ಹೌಸ್ ಖಾಲಿ ಮಾಡಿ ಅಂದರು. ತೂಬಿನ ಕೆಲಸ ಮುಗಿಯುತ್ತಾ ಬಂದಿತ್ತು, ಮೀನು ಹಿಡಿಯುವವರಿಗೆ ಬಲೆ ಇಡಲು ರೂಮು ಬೇಕಿತ್ತು. ಅವರೇನೂ ಕೆಟ್ಟವರಲ್ಲ, ನೇರ ಮಾತಿನವರು. ಇಲ್ಲದ ಕ್ಲಬ್ಬಿಗೆ ರೂಮು ಯಾಕೆ ಅಂತ ಕೇಳಿದರು. ಇದೆ ಅಂದರು ಕೋದಂಡರಾಮಪ್ಪ. ಹಾಗಾದರೆ ಭಾನುವಾರ ಬೆಳಗ್ಗೆ ಏಳಕ್ಕೆ ಐದೂ ಜನ ದೋಣಿಯಲ್ಲಿ ಕೂತು ತೋರಿಸಿ, ತಲೆ ಎಣಿಸುತ್ತೇನೆ, ಕಮ್ಮಿ ಬಿದ್ದರೆ ರೂಮು ಬಲೆಗೆ, ದೋಣಿ ಬಿಸಿಲಿಗೆ ಅಂದರು. ಆ ದೋಣಿ ಒಂದು ಬೇಸಿಗೆ ಬಿಸಿಲಿನಲ್ಲಿ ಬಿದ್ದರೆ ಹಪ್ಪಳವಾಗುತ್ತದೆ.

ದನಿ ಮಾಡಬಹುದು, ತಲೆ ಎಲ್ಲಿಂದ ತರಲಿ? ಶನಿವಾರ ಬಸ್ ಹತ್ತಿ ಮಾಲೂರಿಗೆ ಹೋದೆ. ಕದಿರೇಶಣ್ಣ ಟ್ರಾಕ್ಟರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಐದು ತಿಂಗಳು ನನ್ನ ಹೆಸರಲ್ಲಿ ನೀನು ಮಾತಾಡಿದೆಯಾ ಅಂತ ಒಂದೇ ಸಲ ಕೇಳಿದ. ಆಮೇಲೆ ಸ್ಪ್ಯಾನರ್ ಕೇಳಿದ, ಕೊಟ್ಟೆ. ಕಾಯುತ್ತೇವೆ ಅಣ್ಣ ಅಂತ ಹೇಳಿ ಬಂದೆ.

ಭಾನುವಾರ ಏಳು ಗಂಟೆ. ಒಣಗಿದ ಕೆರೆಯಂಗಳದ ನಡುವೆ ನಮ್ಮ ದೋಣಿ. ಏರಿ ಮೇಲೆ ಅರ್ಧ ಊರು. ಸುನಂದಮ್ಮ ಬೆರಳು ಮಡಿಸುತ್ತಾ ನಿಂತಿದ್ದಾರೆ. ಒಂದು, ರೈಟ್. ಎರಡು, ರೈಟ್. ಮೂರರ ಸೀಟು ಖಾಲಿ. ಆಗ ಏರಿಯ ಆ ತುದಿಯಲ್ಲಿ ಕೆಂಪು ದೂಳು. ದೂಳಿನೊಳಗಿಂದ ಟ್ರಾಕ್ಟರ್. ಟ್ರಾಕ್ಟರ್ ನಿಲ್ಲುವ ಮೊದಲೇ ಹಾರಿ ಇಳಿದ ಕದಿರೇಶಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಇಡೀ ಊರಿಗೆ ಕೇಳಿಸುವ ಹಾಗೆ "ಮೂರು, ರೈಟ್" ಅಂದ.

ಅಂಗಡಿಗೆ ಬರುವವರಿಗೆಲ್ಲ ನಾನು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ವಿಷಲ್ ಬೀಳುತ್ತದೆ. ನಿಮಗೂ ನಿಲ್ಲಿಸಿಬಿಡೋಣ ಅಂತಿದ್ದೆ. ಆದರೆ ಬರೆದಿಟ್ಟರೆ ಅದು ಧನಶ್ರೀ ಕಣ್ಣಿಗೆ ಬೀಳುತ್ತದೆ.

ಟ್ರಾಕ್ಟರ್ ಬರಲಿಲ್ಲ. ದೂಳೂ ಏಳಲಿಲ್ಲ. ಕದಿರೇಶಣ್ಣ ದಾರಿಯಲ್ಲಿದ್ದಾನೆ ಅಂತ ನಾನು ಹೇಳಿದ ಸುಳ್ಳನ್ನು ನಂಬಿ, ಮೂರನೇ ಸೀಟು ಖಾಲಿ ಬಿಟ್ಟು ಎಲ್ಲರೂ ಕೂತರು. ಕಾಯುತ್ತಾ ಇರುವಾಗಲೇ ಬೈರಮ್ಮಕ್ಕ ಒಂದು, ರೈಟ್ ಅಂದರು. ಧನಶ್ರೀ ಎರಡು ಅಂದಳು. ಐದು ತಿಂಗಳ ಅಭ್ಯಾಸ, ನನ್ನ ಗಂಟಲು ಕೆಮ್ಮಿತು. ಎರಡು ಗಿಡ್ಡ, ಒಂದು ಉದ್ದ. "ಮೂರು, ರೈಟ್." ಕಂಬಳಿಯೊಳಗೆ ಅಲ್ಲ, ಕೋದಂಡರಾಮಪ್ಪನವರ ಮುಖಕ್ಕೆ ಎರಡು ಅಡಿ ದೂರದಲ್ಲಿ. ಅವರು ನನ್ನ ತುಟಿ ನೋಡುತ್ತಿದ್ದರು.

ಅವರು ನಾಲ್ಕು ಅನ್ನಲಿಲ್ಲ. ಎಷ್ಟು ದಿನದಿಂದ ಅಂತ ಕೇಳಿದರು. ಹೇಳಿದೆ. ಆ ಮುಖದಲ್ಲಿ ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಧನಶ್ರೀ ಹುಟ್ಟು ಕೆಳಗಿಟ್ಟು ಏಳಲು ಹೋದಳು. ಅವಳ ಬೆನ್ನ ಹಿಂದಿನ ಸೀಟಿನಿಂದ ಬೈರಮ್ಮಕ್ಕ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು.

"ಲೇ ಚೈತು, ಕೆರೆ ಎದ್ದು ಹೋಯ್ತಾ ಅಂದಿದ್ದು ಯಾರೋ? ಅವನಾ, ನೀನಾ?"

"ನಾನೇ ಅಕ್ಕ."

"ಎದ್ದು ಹೋದೋನ ಮಾತಲ್ಲ ಬಿಡು ಅದು. ಬಾ, ಮೂರ್ನೇ ಸೀಟಿಗೆ ಕೂತ್ಕೊ. ಇನ್ಮೇಲೆ ನಿನ್ನ ಗಂಟಲಲ್ಲೇ ಹೇಳು."

ಚುಕ್ಕಾಣಿ ಬಿಟ್ಟು ಹೋಗಿ ಕೂತೆ. ಹುಟ್ಟು ಹಿಡಿದದ್ದು ಅದೇ ಮೊದಲು, ತಲೆಕೆಳಗಾಗಿ ಹಿಡಿದಿದ್ದೆ. ಏರಿ ಮೇಲೆ ನಗು ಎದ್ದಿತು. ಸುನಂದಮ್ಮ ಕೆಳಗಿಳಿದು ಬಂದು, ನಾಲ್ಕೇ ಜನ ಇದ್ದೀರಿ, ಮುಂದೆ ನೋಡೋರು ಯಾರೂ ಇಲ್ಲವಲ್ಲ, ಇದೆಂಥ ದೋಣಿ ಅಂದರು.

ಬೈರಮ್ಮಕ್ಕ ಕೂತಲ್ಲೇ ಉತ್ತರ ಕೊಟ್ಟರು. "ನೀರು ಬರ್ಲಿ ಮೇಡಂ. ಕತ್ತು ತಿರುಗಿಸಿ ನೋಡ್ಕೊತೀವಿ."

ಕೋದಂಡರಾಮಪ್ಪ ಸುನಂದಮ್ಮನ ಕಡೆ ನೋಡಲೂ ಇಲ್ಲ. ನಾಲ್ಕು, ರೈಟ್ ಅಂದರು. ಎಣಿಸುವವರಿಲ್ಲದೆ ನಾವು ನಾಲ್ವರೂ ಒಣ ಮಣ್ಣಿನ ಮೇಲೆ ಗಾಳಿ ಎಳೆಯಲು ಶುರು ಮಾಡಿದೆವು. ನಾನು ಪ್ರತಿ ಸಲ ತಡ, ಪ್ರತಿ ಸಲ ಧನಶ್ರೀಯ ಹುಟ್ಟಿಗೆ ನನ್ನದು ಬಡಿಯುತ್ತಿತ್ತು. ಅವಳು ಬೇಕಂತಲೇ ವಾಪಸ್ ಬಡಿದಳು ಅಂತ ನನ್ನ ಅನುಮಾನ. ಸುಮಾರು ಹೊತ್ತಾದ ಮೇಲೆ ನಗು ನಿಂತಿತು. ನಾವು ನಿಲ್ಲಲಿಲ್ಲ. ಸುನಂದಮ್ಮ ಅರ್ಧ ರೂಮು ಬಲೆಗೆ, ಅರ್ಧ ದೋಣಿಗೆ ಅಂತ ಹೇಳಿ ಹೋದರು. ಈಗ ನಮ್ಮ ದೋಣಿ ಮೀನಿನ ವಾಸನೆ ಹೊಡೆಯುತ್ತದೆ.

ಇನ್ನೊಂದು ಉಳಿದಿದೆ. ಕ್ಲಬ್ ಉಳಿಸಲು ಆ ದನಿ ಮಾಡಿದೆ ಅಂತ ಮೇಲೆ ಬಡಾಯಿ ಕೊಚ್ಚಿದೆನಲ್ಲ, ಅದೂ ಸುಳ್ಳು. ಮೊದಲನೇ ದಿನ ಮಾಡಿದ್ದು ತಮಾಷೆಗೆ. ಎರಡನೇ ದಿನದಿಂದ ಮಾಡಿದ್ದು ಹೆದರಿಕೆಗೆ. ನಾನು ಎಣಿಸಿದರೆ ಕೇಳುವವರು ಈ ಪ್ರಪಂಚದಲ್ಲಿ ನಾಲ್ಕು ಜನ ಇದ್ದರು. ಅದು ಮೂರಾಗುವುದು ನನಗೆ ಬೇಕಿರಲಿಲ್ಲ. ಕದಿರೇಶಣ್ಣ ಬಿಟ್ಟುಹೋದದ್ದು ನಿಜ, ಒಬ್ಬರೂ ಹೋಗಲಿಲ್ಲ ಅಂದದ್ದು ಸುಳ್ಳು.

ಧನಶ್ರೀ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ, ಆದರೆ ಎರಡು ರೈಟ್ ಅನ್ನುವುದನ್ನು ಬಿಡಲಿಲ್ಲ. ಈಗ ಎಣಿಸುವವಳು ಅವಳೇ, ಕರುಣೆ ಇಲ್ಲದೆ ಎಣಿಸುತ್ತಾಳೆ. ತೂಬು ರಿಪೇರಿಯಾಗಿದೆ, ಕೆರೆಯ ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಂತಿದೆ, ದೋಣಿಗೆ ಸಾಲದು. ದಿನಾ ಆರಕ್ಕೆ ಕಾಲು ಗಂಟೆ ಇದ್ದಾಗ ನಾನು ಮೊದಲು ಕದಿರೇಶಣ್ಣನ ನಂಬರಿಗೆ ಫೋನ್ ಮಾಡುತ್ತೇನೆ. ಪೂರ್ತಿ ರಿಂಗ್ ಆಗುತ್ತದೆ. ಎತ್ತುವುದಿಲ್ಲ. ಆಮೇಲೆ ಉಳಿದವರಿಗೆ ಮಾಡಿ, ಕಂಬಳಿ ಬಿಟ್ಟು ಎದ್ದು, ಕಿಟಕಿ ಸರಳಿಗೆ ಕಟ್ಟಿದ ಟ್ಯೂಬ್ ಹಿಡಿದು ಕೂರುತ್ತೇನೆ. ಒಂದು ಬರುತ್ತದೆ, ಎರಡು ಬರುತ್ತದೆ. ಆಮೇಲೆ ನನ್ನದು. ಕೆಮ್ಮು ಇಲ್ಲದ, ಡೈಲಾಗ್ ಇಲ್ಲದ ಆ ದನಿ ಸ್ವಲ್ಪ ಕೀಚಲು ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.