ತುಂಗಾಳ ಪಾಲಿಗೆ ಬಂದ ಪಿಕಪ್

ಹಳೆಯ ಪಿಕಪ್ಪನ್ನು ಏನು ಮಾಡುವುದೆಂದು ತೀರ್ಮಾನಿಸಲು ದಾಮೋದರ ಗೌಡರು ಮನೆಯವರನ್ನು ಜಗಲಿಯಲ್ಲಿ ಕೂರಿಸಿಕೊಂಡ ದಿನ, ಆ ಪಿಕಪ್ ಓಡಿಸುವವಳು ಅಡುಗೆಮನೆಯಲ್ಲಿದ್ದಳು. ಮಾತಾಡುವವರಿಗೆ ಕಾಫಿ ಬೇಕಿತ್ತು. ತುಂಗಾ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬರುವಷ್ಟರಲ್ಲಿ ಮಾವ ಗೌಡರು, ಗಂಡ ಜಯಪ್ರಕಾಶ್, ಮೈದುನ ಯಶವಂತ ಮೂವರೂ ಚರ್ಚೆಯ ಅರ್ಧ ದಾರಿ ಮುಟ್ಟಿಬಿಟ್ಟಿದ್ದರು.

ಗೌಡರ ವಾದ ಹಳೆಯ ಗಾಡಿಯ ಪರ. ಅದನ್ನು ಅವರೇ ಚಿಕ್ಕಮಗಳೂರಿನಿಂದ ಓಡಿಸಿಕೊಂಡು ಬಂದಿದ್ದರು. ಬಾಳೂರಿನ ಸುತ್ತ ಆಗ ಜೀಪುಗಳಿದ್ದವೇ ಹೊರತು ಪಿಕಪ್ ಇಟ್ಟವರು ಕಡಿಮೆ. ಇಂಜಿನ್ ಬಿಚ್ಚಿ ಮಾಡಿಸಿದರೆ ಇನ್ನೂ ಹತ್ತು ವರ್ಷ ದುಡಿಯುತ್ತದೆ, ಇಲ್ಲವೆಂದರೆ ಅದೇ ಮಾಡೆಲ್ಲಿನ ಇನ್ನೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕೋಣ, ಈಗಿನವುಗಳಲ್ಲಿ ಬರೀ ಕಂಪ್ಯೂಟರು, ಒಂದು ವಯರಿಗೆ ಇಲಿ ಬಾಯಿ ಹಾಕಿದರೆ ಗಾಡಿ ಮೂಲೆಗೆ ಎಂದು ಅವರು ಹೇಳುತ್ತಿದ್ದರು. ಯಶವಂತನಿಗೆ ಹೊಸ ತಲೆಮಾರಿನದೇ ಆಗಬೇಕು. ದೊಡ್ಡ ಮುಖ, ಮುಟ್ಟಿದರೆ ಹಾಡುವ ಪರದೆ, ಏಸಿ. ಹಳೆಯದನ್ನು ಕ್ಲಬ್ಬಿನ ಮುಂದೆ ನಿಲ್ಲಿಸಲು ನಾಚಿಕೆಯಾಗುತ್ತದೆ ಎಂದು ಅವನು ನೇರವಾಗಿಯೇ ಹೇಳಿದ. ಜಯಪ್ರಕಾಶ್ ಇಬ್ಬರ ಮಾತಿಗೂ ತಲೆದೂಗುತ್ತಿದ್ದ. ಓಡಿಸುವವಳಿಗೆ ಯಾವುದು ಬೇಕೆಂದು ಮಾತ್ರ ಯಾರೂ ಕೇಳಲಿಲ್ಲ.

ತುಂಗಾ ಸ್ಟೇರಿಂಗ್ ಹಿಡಿದದ್ದು ಶೋಕಿಗಲ್ಲ. ಮೆಣಸು ಕೊಯ್ಯುವಾಗ ಏಣಿ ಜಾರಿ ಜಯಪ್ರಕಾಶ್ ಬಳ್ಳಿ ಹಬ್ಬಿದ್ದ ಸಿಲ್ವರ್ ಮರದಿಂದ ಬಿದ್ದಿದ್ದ. ಬೆನ್ನಿಗೆ ಬಿದ್ದ ಪೆಟ್ಟು ವಾಸಿಯಾದರೂ ತೋಟದ ರಸ್ತೆಯ ಕುಲುಕಾಟ ಅವನಿಗಿನ್ನು ಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಕೊಯ್ಲಿನ ಹೊತ್ತು, ಡ್ರೈವರು ಸಿಗುತ್ತಿರಲಿಲ್ಲ, ಯಶವಂತನಿಗೆ ಬೆಳಿಗ್ಗೆ ಏಳುವುದೇ ಕಷ್ಟ. ಹಾಗಾಗಿ ತುಂಗಾ ಕಲಿತಳು. ಜಯಪ್ರಕಾಶ್ ಬೆನ್ನಿಗೆ ದಿಂಬು ಕೊಟ್ಟುಕೊಂಡು ಪಕ್ಕದಲ್ಲಿ ಕುಳಿತು ಕಲಿಸಿದ. ಅಂದಿನಿಂದ ತೋಟದಿಂದ ಕಾಫಿಹಣ್ಣು ತರುವುದು, ಗೊಬ್ಬರ ಹೊರುವುದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳನ್ನು ಬೀಜ ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಒಯ್ಯುವುದು ಎಲ್ಲ ಅವಳದೇ ಕೆಲಸ. ಮೊದಮೊದಲು ಆಲ್ದೂರಿನ ಪೇಟೆಯಲ್ಲಿ ಜನ ನಿಂತು ನೋಡುತ್ತಿದ್ದರು. ಈಗ ಯಾರೂ ನೋಡುವುದಿಲ್ಲ.

ಆ ಹಳೆಯ ಗಾಡಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ಲೋಡು ತುಂಬಿಕೊಂಡು ಏರಿನ ತಿರುವಿಗೆ ಬಂದರೆ ಅದನ್ನು ತಿರುಗಿಸುವುದೆಂದರೆ ಬಾವಿಯಿಂದ ಕಲ್ಲು ಸೇದಿದ ಹಾಗೆ. ಸೇದಿ ಸೇದಿ ತುಂಗಾಳ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಲು ಕೈ ಎತ್ತುವುದಕ್ಕಾಗುತ್ತಿರಲಿಲ್ಲ. ಮೂಡಿಗೆರೆಯ ಡಾಕ್ಟರು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಮನೆಯಲ್ಲಿ ಹೇಳಿದರೆ ಗೌಡರು ಎಣ್ಣೆ ಹಚ್ಚಿಕೋ ಎಂದರು.

ಕಾಫಿಲೋಟ ಕೊಡುತ್ತಲೇ ತುಂಗಾ, ಪವರ್ ಸ್ಟೇರಿಂಗ್ ಇರುವುದೇ ಬೇಕೆಂದು ಹೇಳಿದಳು. ಯಶವಂತ ಖುಷಿಯಾಗಿ, ನೋಡಿ ಅತ್ತಿಗೆಯೂ ನನ್ನ ಕಡೆ ಎಂದ. ತಾನು ಯಾರ ಕಡೆಯೂ ಅಲ್ಲವೆಂದು ಹೇಳಬೇಕೆನಿಸಿತು ಅವಳಿಗೆ. ಅಷ್ಟರಲ್ಲಿ ಮಾತು ಬಣ್ಣಕ್ಕೆ ಹೋಗಿತ್ತು.

ಮರುದಿನ ಅವಳು ಖಾದರನ ಗ್ಯಾರೇಜಿಗೆ ಹೋಗಿ, ಭುಜದ ನೋವನ್ನೂ ಹೇಳಿ, ಯಾವುದು ವಾಸಿಯೆಂದು ಕೇಳಿದಳು. ಆ ಗಾಡಿಯ ರಿಪೇರಿ ಮೊದಲಿನಿಂದಲೂ ಅವನದೇ. ಅವನು ಯಾವುದನ್ನೂ ಹೊಗಳಲಿಲ್ಲ, ಯಾವುದನ್ನೂ ತೆಗಳಲಿಲ್ಲ. ಹಳೆಯದರ ಬಾಡಿ ಗಟ್ಟಿ, ಎಲ್ಲಿ ನಿಂತರೂ ಸ್ಪ್ಯಾನರ್ ಹಿಡಿದು ತಾನು ಬಂದು ಎಬ್ಬಿಸಬಲ್ಲೆ ಎಂದ. ಆದರೆ ಬ್ರೇಕಿನ ಮೇಲೆ ನಂಬಿಕೆ ಹೋಗಿದೆ, ಹೀಗೇ ಒಯ್ದರೆ ಆರ್‌ಟಿಒದವರ ಎಫ್‌ಸಿ, ಅಂದರೆ ರಸ್ತೆಗೆ ಯೋಗ್ಯವೆಂಬ ಪರೀಕ್ಷೆ, ಪಾಸಾಗುವುದಿಲ್ಲ. ಹೊಸದು ಕೆಟ್ಟರೆ ಕಂಪನಿಯವರೇ ಬರಬೇಕು, ಅದು ನಿಜ. ಆದರೆ ಏರಿನಲ್ಲಿ ನಿಲ್ಲಿಸಿದರೆ ಹಿಂದೆ ಜಾರುವುದಿಲ್ಲ, ಸ್ಟೇರಿಂಗ್ ಬೆರಳಲ್ಲಿ ತಿರುಗುತ್ತದೆ. ಇಷ್ಟು ಹೇಳಿ ಅವನು ಕೈ ಒರೆಸಿಕೊಂಡ.

"ಓಡ್ಸೋರು ನೀವು, ತುಂಗಕ್ಕ. ಗೌಡ್ರ ಮನಸ್ಸಲ್ಲ, ನಿಮ್ಮ ಭುಜ ಎಂತ ಹೇಳ್ತದೆ ಅದನ್ನ ಕೇಳಿ."

ಅವಳಿಗೆ ಆ ಮಾತು ಮನೆಯವರ ಬಾಯಿಂದ ಬರಬೇಕಿತ್ತು ಅನ್ನಿಸಿತು.

ಎಫ್‌ಸಿ ಆಗದೆಂದು ತಿಳಿದ ಮೇಲೆ ಗೌಡರೂ ಹೊಸದಕ್ಕೆ ಒಪ್ಪಿದರು. ಚಿಕ್ಕಮಗಳೂರಿನ ಶೋರೂಮಿಗೆ ಗಂಡಸರು ಹೊರಟಾಗ ತುಂಗಾ ಯಾರೂ ಕರೆಯದಿದ್ದರೂ ಸೀರೆ ಬದಲಿಸಿ ಹೊರಟಳು. ಅಲ್ಲಿದ್ದ ಸುರೇಂದ್ರನೆಂಬ ಮಾರಾಟದವನು ಗೌಡರಿಗೆ ಕೈಮುಗಿದ, ಯಶವಂತನ ಕೈಕುಲುಕಿದ, ಮೇಡಂಗೆ ಬಣ್ಣ ತೋರಿಸಿ ಎಂದು ಅಲ್ಲಿನ ಹುಡುಗಿಯೊಬ್ಬಳಿಗೆ ಹೇಳಿದ. ಹಿಂದಿನ ಹಲಗೆ ನೆಲದಿಂದ ಎಷ್ಟು ಎತ್ತರ, ಹೆಂಗಸರು ಚೀಲ ಏರಿಸಲು ಆಗುತ್ತದೆಯೇ ಎಂದು ತುಂಗಾ ಕೇಳಿದಳು. ಅವನು ಉತ್ತರವನ್ನು ಯಶವಂತನಿಗೆ ಕೊಟ್ಟ. ಸೀಟು ಎಷ್ಟು ಮುಂದೆ ಬರುತ್ತದೆ ಎಂದು ಕೇಳಿದಳು. ಅದಕ್ಕೂ ಯಶವಂತನ ಮುಖ ನೋಡಿಯೇ ಹೇಳಿದ. ಯಶವಂತ ಬೈಪಾಸಿನಲ್ಲಿ ಒಂದು ಸುತ್ತು ಹಾಕಿ, ಹಾಡು ಕೇಳಿಕೊಂಡು ಬಂದು ಕೆಳಗಿಳಿದ. ತುಂಗಾ ಕೀಲಿಗೆ ಕೈಚಾಚಿದಳು.

"ಮೇಡಂ, ಲೈಸೆನ್ಸ್ ಇದೆಯಾ?" ಎಂದ ಸುರೇಂದ್ರ. ಯಶವಂತನನ್ನು ಅವನು ಅದನ್ನು ಕೇಳಿರಲಿಲ್ಲ.

ತುಂಗಾಳ ಮೈ ಉರಿಯಿತು. ಆದರೂ ಪರ್ಸಿನಿಂದ ಲೈಸೆನ್ಸ್ ತೆಗೆದು ಅವನ ಮೇಜಿನ ಮೇಲಿಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಗಂಡನಾಗಲಿ ಮಾವನಾಗಲಿ, ಆರು ವರ್ಷದಿಂದ ನಮ್ಮ ಗಾಡಿ ಓಡಿಸುವವಳು ಇವಳೇ ಎಂದು ಒಂದು ಮಾತು ಹೇಳಬಹುದಿತ್ತು. ಗೌಡರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಜಯಪ್ರಕಾಶ್ ಚಪ್ಪಲಿ ನೋಡುತ್ತಿದ್ದ.

ಗಾಡಿ ಮಾತ್ರ ಅವಳಿಗೆ ಹಿಡಿಸಿತು. ಬೈಪಾಸ್ ಬಿಟ್ಟು ಒಳಗಿನ ಏರುರಸ್ತೆಗೆ ನುಗ್ಗಿಸಿದಳು. ಸುರೇಂದ್ರ ಪಕ್ಕದಲ್ಲಿ ಹಿಡಿಕೆ ಹಿಡಿದು ಕುಳಿತ. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿಸಿದಳು. ಗಾಡಿ ಒಂದಿಂಚೂ ಹಿಂದೆ ಹೋಗಲಿಲ್ಲ. ತಿರುವಿನಲ್ಲಿ ಭುಜ ನೋಯಲೇ ಇಲ್ಲ. ಎಷ್ಟೋ ದಿನದ ಮೇಲೆ ಗಾಡಿಯಲ್ಲಿ ಕುಳಿತು ಅವಳು ಹೊರಗಿನ ಮರಗಳನ್ನು ನೋಡಿದಳು. ಇಳಿದು ಬಂದು ಮಾವನಿಗೆ ಇದೇ ಇರಲಿ ಎಂದಳು. ಗೌಡರು ಹೂಂ ಎಂದರು. ತನ್ನ ಮಾತು ನಡೆಯಿತು ಎಂದು ತುಂಗಾ ನಂಬಿದಳು.

ಗಾಡಿ ಬಂದ ದಿನ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದವನು ಯಶವಂತ. ಇರಲಿ, ಪೂಜೆಯ ದಿನ ತಾನೇ ಎಂದುಕೊಂಡಳು ತುಂಗಾ. ಎಲ್ಲರೂ ಊಟ ಮುಗಿಸಿ ಜಗಲಿಯಲ್ಲಿ ಕುಳಿತಾಗ ಗೌಡರು ಎಲೆಗೆ ಸುಣ್ಣ ಸವರುತ್ತ ವ್ಯವಸ್ಥೆ ಹೇಳಿದರು.

"ಹೊಸದು ಯಶು ಹತ್ರ ಇರ್ಲಿ. ಪೇಟೆ ಕಡೆ ಓಡಾಟ ಅವನು ನೋಡ್ಕೊಳ್ಳಲಿ. ತೋಟದ ಕೆಲ್ಸಕ್ಕೆ ಹಳೇದೇ ಸಾಕು. ನಮ್ಮ ತೋಟದೊಳಗೆ ಓಡ್ಸೋಕೆ ಎಫ್‌ಸಿ ಯಾರು ಕೇಳ್ತಾರೆ? ನಿನ್ನ ಕೈಗೆ ಹೊಂದಿಕೊಂಡಿದೆ ಅದು, ತುಂಗಾ."

ತುಂಗಾ ಒಂದು ಕ್ಷಣ ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಅಂದುಕೊಂಡಳು.

"ರೋಡಿಗೆ ಆಗದ ಗಾಡಿ ನನಗೆ ಆಗ್ತದಾ ಮಾವ?" ಎಂದಳು.

ಗೌಡರು ಎಲೆ ಮಡಚಿ ಬಾಯಿಗಿಟ್ಟರು. ಹೊಸ ಗಾಡಿಗೆ ಕಾಫಿಗಿಡದ ರೆಂಬೆ ತಾಗಿ ಗೀರು ಬೀಳುತ್ತದೆ, ಅತ್ತಿಗೆ ಹೇಗೂ ಹಳೆಯದರಲ್ಲಿ ಪಳಗಿದವರು ಎಂದು ಯಶವಂತ ನಕ್ಕ. ತುಂಗಾ ಗಂಡನ ಕಡೆ ತಿರುಗಿದಳು. ಅವನು ಸ್ವಲ್ಪ ದಿನ ನೋಡುವ ಎಂದ. ಅವಳಿಗೆ ಮೈದುನನ ನಗುವಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಮೈದುನನಿಗೆ ಅವಳ ಭುಜದ ಸಂಗತಿ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಗಂಡನೋ ದಿನಾ ಅದಕ್ಕೆ ಎಣ್ಣೆ ತಿಕ್ಕುವವನು. ಗಾಡಿಯ ಬಣ್ಣಕ್ಕೆ ಮರ್ಯಾದೆಯಿದೆ, ಗೀರು ಬಿದ್ದರೆ ನೋವಾಗುತ್ತದೆ. ತನ್ನ ಕೈಗೆ ಮಾತ್ರ ಎಂಥದೂ ಆಗುವುದಿಲ್ಲ ಎಂದು ಇವರೆಲ್ಲ ಸೇರಿ ತೀರ್ಮಾನಿಸಿಬಿಟ್ಟರಲ್ಲ ಎಂದು ಅವಳಿಗೆ ಕುದಿಯಿತು.

ಬೆಳಿಗ್ಗೆ ಅವಳು ಅಕ್ಕಿರೊಟ್ಟಿ ತಟ್ಟಿದಳು, ಎಲ್ಲರಿಗೂ ಬಡಿಸಿದಳು. ಆಮೇಲೆ ಹಳೆಯ ಗಾಡಿಯ ಕೀಲಿಯನ್ನು ತಂದು ಗೌಡರ ಎಲೆಅಡಿಕೆ ತಟ್ಟೆಯ ಪಕ್ಕ ಇಟ್ಟಳು.

"ನಾನು ಇದನ್ನ ಓಡ್ಸಲ್ಲ ಮಾವ. ಇವತ್ತಿಂದ."

ಅವಳ ದನಿ ಏರಲಿಲ್ಲ. ಗೌಡರು ಹುಡುಗಾಟ ಎಂದುಕೊಂಡು ಪೇಪರ್ ಓದುವುದನ್ನು ಮುಂದುವರಿಸಿದರು. ಯಶವಂತ ಆಗಲೇ ಹೊಸ ಗಾಡಿ ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋಗಿಯಾಗಿತ್ತು.

ಅದು ಕೊಯ್ಲು ಜೋರಾಗಿದ್ದ ವಾರ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತೋಟದಲ್ಲಿ ಹಣ್ಣಿನ ಚೀಲಗಳು ಸಾಲಾಗಿ ನಿಂತವು. ಅಂದಿನ ಹಣ್ಣು ಅಂದೇ ಸಿಪ್ಪೆ ಸುಲಿಯುವ ಪಲ್ಪರಿಗೆ ಬೀಳಬೇಕು, ಇಲ್ಲದಿದ್ದರೆ ಚೀಲದಲ್ಲೇ ಬಿಸಿಯೇರಿ ಹುಳಿಯುತ್ತದೆ. ಮೇಸ್ತ್ರಿ ಜಯದೇವಪ್ಪ ಹತ್ತಿ ಬಂದು ಗಾಡಿ ಯಾವಾಗ ಬರುತ್ತದೆ ಎಂದು ಕೇಳಿದ. ಗೌಡರನ್ನು ಕೇಳಿ ಎಂದಳು ತುಂಗಾ. ಗೌಡರು ಯಶವಂತನಿಗೆ ಫೋನ್ ಮಾಡಿದರು. ಸ್ನೇಹಿತರ ಜೊತೆ ಊಟಕ್ಕೆ ಕುಳಿತಿದ್ದೇನೆ, ಸಂಜೆ ಬರುತ್ತೇನೆ ಎಂದ ಅವನು. ಗೌಡರಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟು ಬಿದ್ದದ್ದು ಸೊಸೆಯ ಮೇಲೆ. ಹೆಣ್ಣಿಗೆ ಇಷ್ಟು ಸೊಕ್ಕು ಬರಬಾರದೆಂದು ಅವಳಿಗೆ ಕೇಳುವಂತೆಯೇ ಹೇಳಿ ಕೀಲಿ ಎತ್ತಿಕೊಂಡರು. ಇದು ನಾನು ಪಳಗಿಸಿದ ಗಾಡಿ ಎಂದರು. ಜಯಪ್ರಕಾಶ್ ಬೇಡವೆಂದು ತಡೆದರೂ ಕೇಳಲಿಲ್ಲ.

ಇಳಿಯುವಾಗ ತೊಂದರೆಯಾಗಲಿಲ್ಲ, ಗಾಡಿ ಖಾಲಿಯಿತ್ತು. ಅದು ಲೋಡು ತುಂಬಿಕೊಂಡು ಹತ್ತುವಾಗ ತುಂಗಾ ಕಣದಲ್ಲಿ ಹಲುಬೆಯಿಂದ ಕಾಫಿ ಹರವುತ್ತಿದ್ದಳು. ಹಳ್ಳದ ಮೇಲಿನ ತಿರುವಿನಿಂದ ಇಂಜಿನ್ ಅರಚಿದ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು. ಗಾಡಿ ಹಿಂದೆ ಜಾರಿದರೆ ಹಳ್ಳವೇ ಗತಿಯೆಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿದ್ದ ಹಲುಬೆ ಬಿಸಾಡಿ ಓಡಿದಳು.

ಗಾಡಿ ತಿರುವಿನಲ್ಲಿ ಅಡ್ಡ ನಿಂತಿತ್ತು. ಜಯದೇವಪ್ಪ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಇನ್ನೊಂದು ಕಲ್ಲು ಹಿಡಿದು ನಿಂತಿದ್ದ. ಕೊಯ್ಲಿನ ಹೆಂಗಸರು ದೂರದಲ್ಲಿ ನಿಂತಿದ್ದರು. ಗೌಡರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬ್ರೇಕನ್ನು ಬಲವಾಗಿ ತುಳಿದುಕೊಂಡು ಕುಳಿತಿದ್ದರು. ಬಾಗಿಲು ತೆಗೆಯಲು ಬಲಗೈ ಎತ್ತಲು ನೋಡಿದರು, ಆಗಲಿಲ್ಲ. ತುಂಗಾಳೇ ತೆಗೆದಳು.

"ಇದು ಹಿಂಗಿರ್ಲಿಲ್ಲ," ಎಂದರು ಗೌಡರು ಮೆಲ್ಲಗೆ.

"ಇದು ಹಿಂಗೇ ಇರೋದು ಮಾವ. ನಾನು ಓಡ್ಸೋಕೆ ಶುರು ಮಾಡಿದಾಗಿಂದ."

ಹಣ್ಣು ಹಾಳಾಗುವುದನ್ನು ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಇದೊಂದು ಸಲ ಎಂದು ಜಯದೇವಪ್ಪನಿಗೆ ಕೇಳುವಂತೆ ಹೇಳಿ ಹತ್ತಿ ಕುಳಿತು, ಹಲ್ಲು ಕಚ್ಚಿ ತಿರುವು ದಾಟಿಸಿದಳು. ಭುಜದಲ್ಲಿ ಎದ್ದ ನೋವಿಗೆ ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದಾಳೆಂದು ಯಾರಾದರೂ ತಿಳಿದುಕೊಂಡಾರೆಂದು ಸೆರಗಿನಲ್ಲಿ ಒರೆಸಿಕೊಂಡಳು.

ಸಂಜೆ ಯಶವಂತ ಬಂದಾಗ ಗೌಡರು ಜಗಲಿಯಲ್ಲಿ ಅಂಗಿ ಬಿಚ್ಚಿ ಕುಳಿತಿದ್ದರು. ಜಯಪ್ರಕಾಶ್ ಅವರ ತೋಳಿಗೆ ಎಣ್ಣೆ ಹಚ್ಚುತ್ತಿದ್ದ. ಗೌಡರು ಪೀಠಿಕೆಯಿಲ್ಲದೆ, ಕೀಲಿ ಅತ್ತಿಗೆಗೆ ಕೊಡು ಎಂದರು. ಯಶವಂತ ಸುಮ್ಮನಿರಲಿಲ್ಲ. ಹಠ ಮಾಡಿದವರಿಗೆ ಹೊಸ ಗಾಡಿ ಸಿಗುವುದಾದರೆ ನಾಳೆಯಿಂದ ತಾನೂ ಹಠ ಮಾಡುತ್ತೇನೆ, ಮನೆ ನಡೆಸುವವರು ಯಾರು ಎಂದೆಲ್ಲ ಕೇಳಿದ.

"ಹೋಗಿ ಆ ಸ್ಟೇರಿಂಗ್ ಒಂದ್ಸಲ ತಿರುಗ್ಸಿ ಬಾ ಮಾರಾಯ. ಆಮೇಲೆ ಮಾತಾಡು," ಎಂದರು ಗೌಡರು.

ಅವನು ಹೋಗಲಿಲ್ಲ. ಕೀಲಿಯನ್ನು ಅತ್ತಿಗೆಯ ಕೈಗೂ ಕೊಡಲಿಲ್ಲ. ಜಗಲಿಕಟ್ಟೆಯ ಮೇಲೆ ಇಟ್ಟು ಒಳಗೆ ಹೋದ. ಅದನ್ನು ಎತ್ತಿಕೊಳ್ಳಲು ತುಂಗಾ ಬಾಗಬೇಕಾಯಿತು.

ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಡುಗೆಮನೆಗೆ ಜಯಪ್ರಕಾಶ್ ಬಂದು, ಅಂತೂ ಸರಿಹೋಯಿತಲ್ಲ ಎಂದು ನಗಲು ನೋಡಿದ. ತುಂಗಾ ಒಲೆ ಸಣ್ಣ ಮಾಡಿ ಅವನ ಕಡೆ ತಿರುಗಿದಳು.

"ಎಂತ ಸರಿಹೋಯ್ತು? ಇಷ್ಟು ವರ್ಷ ನನ್ನ ಕೈ ನೋಯ್ತದೆ ಅಂತ ಹೇಳ್ದೆ. ಯಾರಿಗೂ ಕೇಳ್ಲಿಲ್ಲ. ಮಾವ ಒಂದು ತಿರುವು ತಿರುಗ್ಸಿದ್ರು, ಮನೆಗೆಲ್ಲ ಕೇಳ್ತು. ನಂದು ನೋವಲ್ವನ್ರೀ?"

ಅವನ ಮುಖ ಇಳಿಯಿತು. ಬಾಗಿಲಿಗೆ ಒರಗಿ, "ನಾನು ಅವತ್ತೇ ಹೇಳ್ಬೇಕಿತ್ತು," ಎಂದ.

"ಹೇಳ್ಬೇಕಿತ್ತು."

ಹೋಗಲಿ ಬಿಡಿ ಎಂಬ ಮಾತು ಬಾಯಿಗೆ ಬಂದಿತ್ತು. ಅದನ್ನು ಅವಳು ಬೇಕೆಂದೇ ಆಡಲಿಲ್ಲ. ಜಯಪ್ರಕಾಶ್ ಕಾದ, ಆಮೇಲೆ ತಲೆ ತಗ್ಗಿಸಿ ಹೊರಗೆ ಹೋದ.

ಹಳೆಯ ಪಿಕಪ್ಪನ್ನು ಬಿಡಿಭಾಗಕ್ಕೆಂದು ಖಾದರ್ ಒಯ್ದ. ಗೌಡರು ಅದು ಗೇಟು ದಾಟುವವರೆಗೆ ಅಂಗಳದಲ್ಲಿ ನಿಂತಿದ್ದರು. ಆಲ್ದೂರಿನ ಕಡೆ ಯಶವಂತ, ಹೊಸ ಗಾಡಿಗಾಗಿ ಅತ್ತಿಗೆ ಮುದುಕ ಅಪ್ಪನನ್ನು ಹಳ್ಳಕ್ಕೆ ಕೆಡವಿಬಿಡುತ್ತಿದ್ದರು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆಂಬ ಸುದ್ದಿ ತುಂಗಾಳ ಕಿವಿಗೂ ಬಿತ್ತು. ಒಂದು ದಿನ ಅವನನ್ನು ಎದುರು ನಿಲ್ಲಿಸಿ, ಅವತ್ತು ನೀನೆಲ್ಲಿ ಊಟ ಮಾಡುತ್ತಿದ್ದೆ ಎಂದು ನಾಲ್ಕು ಜನರ ಮುಂದೆ ಕೇಳಿದಳು. ಅವನು ಬೈಕ್ ಹತ್ತಿ ಹೊರಟುಹೋದ. ಆಮೇಲೆ ಆ ಸುದ್ದಿ ನಿಂತಿತು. ಅತ್ತಿಗೆ ಮೈದುನರ ನಡುವೆ ಮಾತೂ ನಿಂತಿತು.

ಹೊಸ ಗಾಡಿಯನ್ನು ಮೊದಲ ಸಲ ಕೆಳಗಿನ ತೋಟಕ್ಕೆ ಇಳಿಸಿದ ಬೆಳಿಗ್ಗೆ ತುಂಗಾ ಸೀಟನ್ನು ತನ್ನ ಕಾಲಿಗೆ ಎಟುಕುವಷ್ಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಅರ್ಧ ದಾರಿಯಲ್ಲಿ ರೆಂಬೆಯೊಂದು ಬಾಗಿಲಿಗೆ ಕರ್ರನೆ ತಾಗಿತು. ಅವಳು ಇಳಿದು ನೋಡಲಿಲ್ಲ.