ಚಾನೆಲ್ ಹಿಡಿದು ಕೂತವರು

ನನ್ನ ವಾಕಿ-ಟಾಕಿ ಬೆಳಿಗ್ಗೆ ನೀರಿನ ತೊಟ್ಟಿಗೆ ಬಿತ್ತು. ನಮ್ಮ ಬುಟೋನ್ ದ್ವೀಪದಲ್ಲಿ ನೆನೆದ ಸೆಟ್ಟಿಗೆ ಒಂದೇ ಮದ್ದು, ಅಕ್ಕಿ. ಪ್ಲಾಸ್ಟಿಕ್ ಬಕೆಟ್ಟಿನ ಅಕ್ಕಿಯೊಳಗೆ ಅದನ್ನು ಒತ್ತಿ ಹೂಳುತ್ತಿದ್ದಾಗಲೇ ಸುದ್ದಿ ಬಂತು: ದೋಣಿಗಳು ಒಳಗೆ ಬರುವ ಹವಳದ ಸಂದಿಯಲ್ಲಿ ದೊಡ್ಡ ದಿಮ್ಮಿ ಸಿಕ್ಕಿಕೊಂಡಿದೆ, ಭರತದ ಏರುನೀರಿನಲ್ಲಿ ಕಾಣುವುದಿಲ್ಲ. ನನ್ನ ಗಂಡ ಲಾ ಕರಿಮು ಮಧ್ಯಾಹ್ನ ಭರತದಲ್ಲೇ ನುಗ್ಗಿ ಬರುವವನು. ಕಿವಿ ಮಂದವಾದ ಅತ್ತೆಗೆ ವಿಷಯ ಕೂಗಿ ಹೇಳಿ, ಅಳು ಬಂದು ಇನ್ನೂ ಏನೇನೋ ಹೇಳಿ, ಬಕೆಟ್ಟಿಗೆ ಮುಚ್ಚಳ ಹಾಕಿ ಗುಡ್ಡ ಇಳಿದು ಓಡಿದೆ.

ಹೋಗಿ ಎಚ್ಚರಿಸೋಣವೆಂದರೆ ದಡದಲ್ಲಿ ದೋಣಿ ಒಂದೂ ಉಳಿದಿರಲಿಲ್ಲ. ದಡದಿಂದ ದೋಣಿಯವರ ಜೊತೆ ಮಾತಾಡುವ ಕೆಲಸದ, ಊರಿನ ಸಾಹಿದು ಮಾವ ಸೆಟ್ಟು ಹಿಡಿದು ಬೆವರುತ್ತಿದ್ದರು.

"ಸುದ್ದಿ ಕೇಳಿ ಈಗ ಸೆಟ್ಟು ಹಾಕಿದಾಗಿಂದ ಕರೆದು ಕರೆದು ಸಾಕಾಯ್ತು, ಜೈಮಾ. ಯಾರೋ ಮಾತಾಡೋ ಗುಂಡಿ ಒತ್ಕೊಂಡು ಕೂತಿದಾನೆ. ಮಾತಿಲ್ಲ ಕಥೆಯಿಲ್ಲ, ಚಾನೆಲ್ ಮಾತ್ರ ಬಿಡ್ತಿಲ್ಲ."

"ಜೋರಾಗಿ ಕೂಗಿ, ಮಾವ!"

"ಕೂಗಿದ್ರೆ ರೇಡಿಯೋ ಅಲೆ ಜೋರಾಗುತ್ತಾ? ಅವನು ಎಲ್ಲೋ ಎತ್ತರದಲ್ಲಿದಾನೆ, ಅವನ ಅಲೆ ನನ್ನದಕ್ಕಿಂತ ಗಟ್ಟಿ. ದೋಣಿಯವರಿಗೂ ಅವನೇ ಕೇಳಿಸೋದು. ಆ ಪುಣ್ಯಾತ್ಮನಿಗೆ ನನ್ನ ಬೈಗುಳವೂ ಕೇಳಿಸಲ್ಲ. ಕಳಿಸೋ ಹೊತ್ತಲ್ಲಿ ಸೆಟ್ಟಿಗೆ ಕಿವಿ ಇರಲ್ಲ."

"ಹಾಗಾದ್ರೆ ಹುಡುಕೋದು ಹೇಗೆ?" ಅಷ್ಟು ಭಯದಲ್ಲೂ ನನಗೆ ಕುತೂಹಲ.

ಮಾವ ಸೆಟ್ಟನ್ನು ನನ್ನ ಕೈಗಿತ್ತರು. "ಎದೆಗೆ ಒತ್ಕೊಂಡು ನಿಧಾನ ಸುತ್ತು. ಮೈ ಅಲೆಗೆ ಅಡ್ಡ ಬರುತ್ತೆ. ಪರದೆ ಮೇಲೆ ಅಲೆಯ ಬಲ ತೋರಿಸೋ ಪಟ್ಟಿ ಎಲ್ಲಿ ಕಮ್ಮಿಯಾಗುತ್ತೋ, ಕಳ್ಳ ನಿನ್ನ ಬೆನ್ನ ಹಿಂದೆ."

ಸುತ್ತಿದೆ. ಸಮುದ್ರಕ್ಕೆ ಮುಖ ಮಾಡಿದಾಗ ಐದು ಪಟ್ಟಿ ಎರಡಾಯಿತು. ಬೆನ್ನ ಹಿಂದೆ ನಮ್ಮ ಗುಡ್ಡ. ಕಣ್ಣಿಗೆ ಕಾಣದ ಬೆಳಕಿಗೂ ನನ್ನ ಮೈಯಿಂದ ನೆರಳು ಬೀಳುತ್ತದೆಂದು ಅಂದೇ ಗೊತ್ತಾಯಿತು.

"ಸಿಗಲಿ, ಕಿವಿ ಹಿಂಡಿಬಿಡ್ತೀನಿ" ಎನ್ನುತ್ತ ಹತ್ತಿದೆ. ಮಸೀದಿಯ ಹತ್ತಿರ ಹೇಗೆ ತಿರುಗಿದರೂ ಐದೂ ಪಟ್ಟಿ. ಮಾವ ಆಂಟೆನಾ ಬಿಚ್ಚಿದರು. "ಹತ್ತಿರ ಬಂದ್ವಿ. ಇದರ ಕಿವಿ ಸ್ವಲ್ಪ ಮಂದ ಮಾಡೋಣ." ಮತ್ತೆ ಸುತ್ತಿದೆ. ಈ ಸಲ ಬೆನ್ನ ಹಿಂದೆ ಇದ್ದದ್ದು ನನ್ನದೇ ಅಡುಗೆಮನೆ.

ಬಕೆಟ್ಟಿನ ಮುಚ್ಚಳ ತೆಗೆದದ್ದೇ ತಡ, ಕೈಯಲ್ಲಿದ್ದ ಸೆಟ್ಟು ಕುಂಯ್ ಎಂದು ಕಿರುಚಿತು. ಅಕ್ಕಿಯೊಳಗಿನ ಸೆಟ್ಟನ್ನು ಆರಿಸಲು ಮರೆತಿದ್ದೆ. ಒತ್ತಿದ ಗುಂಡಿಯ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು.

"ಯಾರ ಕಿವಿ ಹಿಂಡ್ಲಿ ಈಗ?" ಎಂದರು ಮಾವ.

ಉಗುರಿನಿಂದ ಕಾಳು ಕಿತ್ತೆ. ಕೂಡಲೇ ಲಾ ಕರಿಮುವಿನ ದನಿ ಕೇಳಿಸಿತು. ನನಗೆ ಜೀವ ಬಂದಂತಾಯಿತು.

"ದಿಮ್ಮಿ ಇದೆ! ಒಳಗೆ ಬರಬೇಡ!" ಕೂಗಿದೆ.

"ಗೊತ್ತು ಮಾರಾಯ್ತಿ, ಆಗಲೇ ಹೊರಗೆ ಲಂಗರು ಹಾಕಿದೀನಿ. ನೀನು ಅಮ್ಮನಿಗೆ ಕೂಗಿ ಹೇಳಿದ್ದೆಲ್ಲ ಕೇಳಿಸ್ತು. ಅವನಿಲ್ದೆ ನಾನು ಬದುಕಲ್ಲ ಅಂತ ಅತ್ತಿದ್ದೂ ಕೇಳಿಸ್ತು."

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವನೆದುರು ಬೈದದ್ದು ಬಿಟ್ಟರೆ ಅಂಥ ಮಾತು ನಾನು ಆಡಿದವಳಲ್ಲ.

"ನಮಗೂ ಕೇಳಿಸ್ತು, ಅತ್ತಿಗೆ!" ಇನ್ನೊಂದು ದೋಣಿ.

"ಇನ್ನೊಂದ್ಸಲ ಹೇಳೇ" ಎಂದ ಲಾ ಕರಿಮು.

ಗುಂಡಿ ಒತ್ತಿ ಹೇಳಿದೆ. ಹೇಳಿದ ಮೇಲೂ ಬೆರಳು ತೆಗೆಯಲಿಲ್ಲ. ಒತ್ತಿ ಹಿಡಿದಿರುವಷ್ಟು ಹೊತ್ತು ಯಾವ ದೋಣಿಯ ನಗುವೂ ನನಗೆ ಕೇಳಿಸುವಂತಿರಲಿಲ್ಲ.